ಬಾವಿ ಇತ್ತ, ಒಲೆ ಅತ್ತ

ಬೆಣ್ಣೆಯ ವಾಸನೆ ತನಗೆ ಈಗ ಹೇಸಿಗೆ ಹುಟ್ಟಿಸುವುದಿಲ್ಲ ಎಂಬುದನ್ನು ಮೆಲ್ಲಿತಾ ಇಡೀ ಚಳಿಗಾಲ ತನ್ನೊಳಗೇ ಇಟ್ಟುಕೊಂಡಿದ್ದಳು. ಹೇಸಿಗೆ ಹಾಗಿರಲಿ, ಆ ವಾಸನೆ ಮೂಗಿಗೆ ಬಡಿದರೆ ಹೊಟ್ಟೆ ಹಸಿಯುತ್ತಿತ್ತು. ರೋಮನ್ ಮನೆತನದ ಹುಡುಗಿ ಬಾಯಿಬಿಟ್ಟು ಹೇಳಿಕೊಳ್ಳುವ ಸಂಗತಿಯೇ ಇದು? ಆಲಿವ್ ಎಣ್ಣೆ ತಿನ್ನುವವರು ಮನುಷ್ಯರು. ಬೆಣ್ಣೆ ತಿಂದು, ಮಿಕ್ಕಿದ್ದನ್ನು ತಲೆಗೆ ಮೆತ್ತಿಕೊಳ್ಳುವವರು ಗೋಥರು. ತೊಲೋಸಾ ಪಟ್ಟಣದ ಮಕ್ಕಳು ಅಕ್ಷರಕ್ಕೂ ಮೊದಲು ಕಲಿಯುತ್ತಿದ್ದ ಪಾಠ ಅದು. ಅವಳ ಅಪ್ಪ ಲುಪಿಸಿನ ಊರಿಗೆಲ್ಲ ಲ್ಯಾಟಿನ್ ಕಲಿಸಿದ ಮೇಷ್ಟ್ರು. ಗೋಥರ ಮುದುಕಿ ರಾನಿಲ್ಡಾ ಅಂಗಳ ದಾಟಿದಾಗಲೆಲ್ಲ ಅವರು ಮೇಲುಹೊದಿಕೆಯ ಅಂಚಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವರನ್ನು ನೋಡಿ ಮೆಲ್ಲಿತಾಳೂ ಮುಚ್ಚಿಕೊಳ್ಳುತ್ತಿದ್ದಳು. ಬಟ್ಟೆಯ ಮರೆಯಲ್ಲಿ ಮಾತ್ರ ಮೆಲ್ಲಗೆ ಉಸಿರು ಎಳೆದುಕೊಳ್ಳುತ್ತಿದ್ದಳು.

ರಾನಿಲ್ಡಾ ಇದ್ದದ್ದು ಅದೇ ಮನೆಯಲ್ಲಿ. ಹಿಂದೆ ಯಾವನೋ ಚಕ್ರವರ್ತಿ ತನ್ನ ಪರವಾಗಿ ಕಾದಾಡಲೆಂದು ಗೋಥರನ್ನು ಕರೆಸಿಕೊಂಡು, ಅವರನ್ನು ಸಾಕುವ ಶಕ್ತಿ ಸಾಲದೆ, ಊರಿನವರ ಹೊಲಮನೆಗಳಲ್ಲೇ ಪಾಲು ಕೊಡಿಸಿದ್ದ. ಮೆಲ್ಲಿತಾ ಆಗಿನ್ನೂ ಹುಟ್ಟಿರಲಿಲ್ಲ. ಪಾಲು ಮಾಡಲು ಬಂದ ಅಧಿಕಾರಿ ಅಡುಗೆಮನೆಯತ್ತ ತಲೆ ಕೂಡ ಹಾಕದೆ, ನಡುಮನೆಯಲ್ಲಿ ಹಗ್ಗ ಹಿಡಿಸಿ ಗೆರೆ ಎಳೆದು ಹೊರಟುಹೋದ. ಗೆರೆಯ ಮೇಲೆ ಕಡ್ಡಿ ಮಣ್ಣಿನ ತಡಿಕೆ ಎದ್ದಿತು. ನೆಲದ ಬಣ್ಣಗಲ್ಲಿನ ಚಿತ್ರದಲ್ಲಿದ್ದ ಸಮುದ್ರದೇವರ ಗಡ್ಡದ ಮುಖ ಗೋಥರಿಗೆ ಹೋಯಿತು, ಮೀನಿನ ಬಾಲಗಳು ಇವರಿಗೆ ಉಳಿದವು. ಚಿತ್ರ ತುಂಡಾದರೆ ಬದುಕು ನಿಲ್ಲುವುದಿಲ್ಲ. ಆದರೆ ಬಾವಿ ಇತ್ತ ಉಳಿದಿತ್ತು, ರೊಟ್ಟಿ ಸುಡುವ ಒಲೆ ಅತ್ತ ಹೋಗಿತ್ತು. ಕಾನೂನಿನ ಲೆಕ್ಕದಲ್ಲಿ ಪಾಲು ಸರಿಯಾಗಿಯೇ ಇತ್ತು. ಅವರಿಗೆ ಹಿಟ್ಟು ಕಲಸಲು ನೀರಿರಲಿಲ್ಲ, ಇವರು ಕಲಸಿಟ್ಟ ಹಿಟ್ಟಿಗೆ ಬೆಂಕಿ ಇರಲಿಲ್ಲ, ಅಷ್ಟೆ. ಮೊದಮೊದಲು ತಡಿಕೆಯ ಎರಡೂ ಬದಿಯಿಂದ ಬೈಗುಳ ಹಾರಾಡಿದವು. ಆಮೇಲೆ ಒಂದು ದಿನ ತಡಿಕೆಯಲ್ಲಿ ಮನುಷ್ಯರು ನುಸುಳುವಷ್ಟು ಕಂಡಿ ಕಾಣಿಸಿಕೊಂಡಿತು. ಅದನ್ನು ಕೊರೆದವರು ಯಾರೆಂದು ಎರಡು ಕಡೆಯವರೂ ಕೇಳಲಿಲ್ಲ.

ಆ ಕಂಡಿಯಲ್ಲೇ ಮೆಲ್ಲಿತಾ ಓಡಾಡಿ ಬೆಳೆದಳು. ಅಮ್ಮ ತೀರಿಕೊಂಡ ಮೇಲೆ ಹಿಟ್ಟಿನ ಹದ, ಒಲೆಯ ಕಾವು ಎಲ್ಲವನ್ನೂ ಅವಳಿಗೆ ಹೇಳಿಕೊಟ್ಟವಳು ರಾನಿಲ್ಡಾ.

ಈಗ ಅಪ್ಪ ಮನೆ ಬಿಟ್ಟು ರೋಮಿಗೆ ಹೊರಟಿದ್ದರು. ಅಲ್ಲಿ ಅವರ ಅಕ್ಕ ಇದ್ದಳು. ನಾರ್ಬೊ ಬಂದರಿಗೆ ಹೋಗುವ ವ್ಯಾಪಾರಿಗಳ ಗಾಡಿಯಲ್ಲಿ ನಾಳೆ ಬೆಳಿಗ್ಗೆ ಅಪ್ಪನಿಗೂ ಮಗಳಿಗೂ ಜಾಗ ಗೊತ್ತುಮಾಡಿ ಆಗಿತ್ತು. ಅಪ್ಪ ಇದನ್ನು ಹೇಳಿದ ದಿನ ಮೆಲ್ಲಿತಾ "ಆಯ್ತಪ್ಪ" ಅಂದಿದ್ದಳು. ಅವಳು ಎಲ್ಲದಕ್ಕೂ ಹಾಗೆಯೇ ಅನ್ನುತ್ತಿದ್ದಳು. ಒಲ್ಲೆ ಎನ್ನುವ ಮಾತು ಎದೆಯಲ್ಲಿ ಹುಟ್ಟಿ ಗಂಟಲಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಮುಂದಿನ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದರು.

ಅಂದು ಮಧ್ಯಾಹ್ನ ಅವಳು ಕೊನೆಯ ಹಿಟ್ಟಿನುಂಡೆಗಳನ್ನು ಹಲಗೆಯ ಮೇಲಿಟ್ಟುಕೊಂಡು ಕಂಡಿ ದಾಟಿದಳು. ರಾನಿಲ್ಡಾ ಒಲೆಯ ಮುಂದೆ ಕಾಲು ಚಾಚಿ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಸಮುದ್ರದೇವರ ಹಣೆಯ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು.

"ಏನಂತೆ ನಿಮ್ಮ ಮೇಷ್ಟ್ರು? ಬೆಳಗಿಂದ ಒಂದೇ ಸಮ ಗಂಟಲು ಹರ್ಕೊಳ್ತಾ ಇದಾರೆ."

"ಭಾಷಣ ಅಜ್ಜಿ. ಸಂಜೆ ಹಳೇ ಶಿಷ್ಯರು ಬರ್ತಾರೆ. ರೋಮ್ ಯಾಕೆ ಹಾಳಾಯ್ತು ಅಂತ ಹೇಳ್ಬೇಕಂತೆ."

"ಇವತ್ತು ಯಾರು ಹಾಳ್ಮಾಡಿದ್ದು? ಮೊನ್ನೆ ತೆರಿಗೆ ಅಂತಿದ್ರು."

"ಮೊನ್ನೆ ತೆರಿಗೆ. ನಿನ್ನೆ ಸೇನಾಪತಿಗಳು. ಇವತ್ತು..." ಮೆಲ್ಲಿತಾ ಹಲಗೆ ಇಳಿಸುತ್ತ ತಲೆ ತಗ್ಗಿಸಿದಳು. "ಇವತ್ತು ನೀವು."

"ನಾನೇ?" ಮುದುಕಿ ನಕ್ಕ ರಭಸಕ್ಕೆ ಕೋಳಿ ಎದ್ದು ಓಡಿತು. "ಅಯ್ಯೋ ನನ್ನವ್ವ! ಒಂದು ಮೆಟ್ಲು ಹತ್ತೋಕೆ ಎರಡು ಸಲ ದೇವರನ್ನ ಕರೀತೀನಿ. ಸಾಮ್ರಾಜ್ಯ ಕೆಡವೋಕೆ ನಾನು ಬಂದೆನಂತಾ? ನಮ್ಮಪ್ಪ ಬಂದಿದ್ದು ಕಾವಲಿಗೆ ಕಣೆ. ಕರೆದೋರು ನೀವೇ. ಕರೆದು ಕೂರಿಸಿ, ಊಟಕ್ಕಿಲ್ಲ ಅಂದ್ರಿ."

"ಅಪ್ಪ ಹಾಗಂತ ಒಪ್ಪಲ್ಲ."

"ಅವರೆಲ್ಲಿ ಒಪ್ತಾರೆ. ಸುಟ್ಟ ರೊಟ್ಟಿ ಮಾತ್ರ ಇಲ್ಲಿಂದ್ಲೇ ಹೋಗ್ಬೇಕು, ಮೂಗು ಮುಚ್ಕೊಂಡು ತಿನ್ನೋಕೆ."

ಮೆಲ್ಲಿತಾಳಿಗೂ ನಗು ಬಂತು. ನಗುತ್ತಲೇ ಕಣ್ಣು ತುಂಬಿದ್ದು ಅವಳಿಗೇ ತಿಳಿಯಲಿಲ್ಲ. ರಾನಿಲ್ಡಾ ನೋಡಿದಳು, ಉದ್ದ ಹಿಡಿಯ ಹಲಗೆಯಿಂದ ಉಂಡೆಗಳನ್ನು ಒಂದೊಂದಾಗಿ ಒಲೆಯೊಳಗೆ ತಳ್ಳಿದಳು. ಬಾಗಿಲ ಕಲ್ಲು ಮುಚ್ಚಿದ ಮೇಲೆ, ಒಲೆಗೇ ಹೇಳುವವಳಂತೆ ಮಾತು ತೆಗೆದಳು.

"ನಾಳೆಯಿಂದ ನೀರಿಗೆ ಯಾರನ್ನ ಕೂಗ್ಲಿ?"

"ಮನೆಗೆ ಯಾರಾದ್ರೂ ಬರ್ತಾರೆ ಅಜ್ಜಿ."

"ಬರ್ತಾರೆ. ಬಾವಿಗೆ ಬೀಗ ಹಾಕೋರೂ ಬರ್ಬೋದು." ಅವಳು ತಿರುಗಿ ಹುಡುಗಿಯ ಮುಖ ದಿಟ್ಟಿಸಿದಳು. "ನಿಂಗೆ ಹೋಗೋ ಮನಸ್ಸಿದೆಯಾ ಕೂಸೇ?"

ಮೆಲ್ಲಿತಾ ಇಲ್ಲವೆಂದು ತಲೆ ಅಲ್ಲಾಡಿಸಿದಳು, ತೀರಾ ಸಣ್ಣಗೆ.

"ನನ್ ಮುಂದೆ ತಲೆ ಆಡಿಸಿ ಏನು ಬಂತು? ಗಾಡಿ ಹೂಡ್ಸಿರೋದು ನಾನಾ?"

"ಅಪ್ಪ ನನಗೋಸ್ಕರಾನೇ ಹೊರಟಿರೋದು ಅಜ್ಜಿ. ಹೇಗೆ ಹೇಳ್ಲಿ?"

"ಬಾಯಿಂದ," ಅಂದಳು ರಾನಿಲ್ಡಾ.

ಸಂಜೆ ಲುಪಿಸಿನ ಒಗೆದ ಬಿಳಿ ಮೇಲುಹೊದಿಕೆ ಹೊದ್ದು, ಮಡಿಕೆಗಳನ್ನು ಮತ್ತೆಮತ್ತೆ ಸರಿಮಾಡಿಕೊಂಡು ಕಾದರು. ಬೆಂಚುಗಳನ್ನು ಮೆಲ್ಲಿತಾ ಒರೆಸಿಟ್ಟಿದ್ದಳು. ಬಿಸಿಲು ಗೋಡೆಯಿಂದ ಇಳಿದು ಮೀನಿನ ಬಾಲಗಳ ಮೇಲೆ ಬಿತ್ತು. ಶಿಷ್ಯರು ಬರಲಿಲ್ಲ. ಹೆಚ್ಚಿನವರು ಗೋಥ ದೊರೆಯ ಕಚೇರಿಯಲ್ಲಿ ಬರೆಯುವ ಕೆಲಸಕ್ಕೆ ಸೇರಿಕೊಂಡಿದ್ದರು; ಇವತ್ತು ಅಲ್ಲಿ ಯಾರೋ ದೂತರು ಬಂದಿದ್ದಾರಂತೆ, ಬಿಡುವಿಲ್ಲವಂತೆ. ಹೇಳಿಕಳಿಸಿದ್ದು ಒಬ್ಬನೇ, ಅದೂ ಕಲಿತದ್ದನ್ನು ಮರೆಯದ ಒಳ್ಳೆಯ ಲ್ಯಾಟಿನ್‌ನಲ್ಲಿ. ಅಪ್ಪ ಅದಕ್ಕೂ ತಲೆದೂಗಿದರು.

"ಇರ್ಲಿ. ನೀನಿದ್ದೀಯಲ್ಲ. ಕೂತ್ಕೋ."

ಮುಂದಿನ ಬೆಂಚಿನಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು ಅವರು ಇಡೀ ಸಭೆಗೆ ಹೇಳುವ ದನಿಯಲ್ಲಿ ಶುರುಮಾಡಿದರು. ತಮ್ಮ ತಮ್ಮಲ್ಲೇ ಕಾದಾಡಿದ ಸೇನಾಪತಿಗಳು. ತೆರಿಗೆಯ ಭಾರಕ್ಕೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟ ನಗರಸಭೆಯ ದೊಡ್ಡವರು. ಬಾಗಿಲು ಮುರಿದು ಬಂದ ಅನ್ಯರು. ಕೇಳುತ್ತ ಕೇಳುತ್ತ ಮೆಲ್ಲಿತಾಳ ಕಣ್ಣು ಮಾತಿನ ಮೇಲಿರದೆ ಅಪ್ಪನ ಕೈಯ ಮೇಲೆ ನಿಂತಿತು. ರೋಮಿನ ಬೀದಿಬೀದಿಗಳನ್ನು, ಯಾವ ಕಮಾನಿನ ಪಕ್ಕ ಯಾವ ಗುಡಿ ಎಂಬುದನ್ನು ಆ ಕೈ ತನಗೆ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದದ್ದು ಅವಳಿಗೆ ನೆನಪಿತ್ತು. ಅಪ್ಪ ರೋಮನ್ನು ಒಮ್ಮೆಯೂ ಕಂಡವರಲ್ಲ. ಹುಟ್ಟಿದ್ದು ಇಲ್ಲೇ, ಕಲಿಸಿದ್ದು ಇಲ್ಲೇ.

ನಡುವೆ ಎಲ್ಲೋ ಮಾತು ತಪ್ಪಿತು. ಲುಪಿಸಿನ ನಿಂತರು, ಮತ್ತೆ ಹಿಡಿಯಲು ನೋಡಿದರು, ಬಿಟ್ಟುಕೊಟ್ಟು ಬಂದು ಮಗಳ ಪಕ್ಕದಲ್ಲಿ ಕುಳಿತರು.

"ಸಮುದ್ರ ದಾಟಿ ಬಂದ ವಾಂಡಲರ ದಂಡು ರೋಮನ್ನೂ ದೋಚ್ಕೊಂಡು ಹೋಯ್ತಂತೆ. ಹೋಗಿ ನೋಡೋಕೆ ಏನು ಉಳಿದಿದೆಯೋ ಏನೋ." ಅವರ ದನಿ ಈಗ ಮನೆಯ ದನಿಯಾಗಿತ್ತು. "ಆದ್ರೂ ನಿನಗೆ ಅಲ್ಲೊಂದು ದಾರಿ ಆಗುತ್ತೆ ಅಂತ ಆಸೆ. ನಮ್ಮೋರ ಮಧ್ಯೆ ಇರ್ತೀಯ. ನಾನಿನ್ನು ಎಷ್ಟು ದಿನ? ಈ ಹಾಳೂರಲ್ಲಿ ನಿನ್ನನ್ನ ಒಬ್ಳೇ ಬಿಟ್ಟುಹೋದ್ರೆ ನಿಮ್ಮಮ್ಮ ನನ್ನ ಸುಮ್ನೆ ಬಿಡ್ತಾಳಾ?"

ಮೆಲ್ಲಿತಾ ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹೇಳಿದರೆ ಅಪ್ಪನ ಪಾಲಿಗೆ ರೋಮ್ ಇನ್ನಿಲ್ಲ. ಮಗಳನ್ನು ಬಿಟ್ಟು ಅವರು ಹೋಗುವವರಲ್ಲ. ಹೇಳದಿದ್ದರೆ ನಾಳೆ ಬೆಳಿಗ್ಗೆ ಗಾಡಿ.

"ಭಾಷಣ ಹೇಗಿತ್ತು?"

"ಚೆನ್ನಾಗಿತ್ತಪ್ಪ."

"ಯಾವಾಗ್ಲೂ ಅದನ್ನೇ ಅಂತೀಯ." ಅವರು ಬೈಯಲಿಲ್ಲ, ದಣಿದ ನಗು ನಕ್ಕರು. "ಏನೋ ಒಂದು ಬಿಟ್ಟೋಗಿದೆ ಮಗಳೇ. ನಂಗೇ ಗೊತ್ತಾಗ್ತಿದೆ, ಹಿಡಿಯೋಕೆ ಆಗ್ತಿಲ್ಲ. ಬರೀ ಹಾಳು ಮಾಡಿದೋರನ್ನೇ ಹೇಳ್ದೆ. ಇಷ್ಟು ದೊಡ್ಡದು ಬೀಳುವಾಗ ಹಿಡ್ಕೊಳ್ಳೋರು ಯಾಕೆ ಯಾರೂ ಇರ್ಲಿಲ್ಲ?"

ಈ ಸಲ ಅವರು ಮುಂದಿನ ವಿಷಯಕ್ಕೆ ಹೋಗಲಿಲ್ಲ. ಕೇಳಿ ಸುಮ್ಮನೆ ಕೂತರು. ಹಿಂದೆ ಎಷ್ಟೋ ಮಕ್ಕಳ ಮುಂದೆ, ಉತ್ತರ ಬರುವತನಕ, ಹೀಗೇ ತಾಳ್ಮೆಯಿಂದ ಕೂತಿರಬೇಕು. ಅಪ್ಪನ ಕೈ ಬಿಡದೆ, ಅವರ ಮುಖವನ್ನೇ ನೋಡುತ್ತ, ಮೆಲ್ಲಿತಾ ಬಾಯಿ ತೆರೆದಳು.

"ನಂಗೆ ಹೋಗೋ ಮನಸ್ಸಿಲ್ಲ ಅಪ್ಪ. ರೋಮ್ ಇಲ್ವಲ್ಲ ಅಂತ ನಂಗೆ ಇಲ್ಲಿ ಒಂದು ದಿನಾನೂ ಅನ್ನಿಸಿಲ್ಲ. ಹಿಡ್ಕೊಳ್ಳದೇ ಇದ್ದೋರಿಗೂ ಹೀಗೇ ಇತ್ತೇನೋ."