ಹಳೇ ವಿಂಡೋ ಮುಚ್ಚಬೇಡ

ಮನೆಯಲ್ಲಿ ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಾರೆ. ಅಂಥ ನಾನು ನಮ್ಮ ಅತ್ತಿಗೆಯ ಪಕ್ಕ ಕೂತು ಇಡೀ ವಾರ ಹಲ್ಲು ಕಚ್ಚಿಕೊಂಡು ಅವರ ನಿಧಾನವನ್ನು ಸಹಿಸಿದ್ದೆ. ಮಕ್ಕಳು ದೊಡ್ಡವರಾಗಲಿ ಎಂದು ಕೆಲಸ ಬಿಟ್ಟಿದ್ದ ಅವರನ್ನು, ಮ್ಯಾನೇಜರ ಕೈಕಾಲು ಹಿಡಿದು, ನಮ್ಮ ಆಫೀಸಿಗೆ ಕರೆತಂದವಳು ನಾನೇ. ಒಂದು ವಾರ ನೋಡಿ ಹೇಳ್ತೀನಿ ಎಂದಿದ್ದರು ಮ್ಯಾನೇಜರು. ಅವತ್ತಿಗೆ ಆ ವಾರ ಮುಗಿಯುತ್ತಿತ್ತು.

ಒಂದು ಡಯಾಲಿಸಿಸ್ ಕೇಂದ್ರದ ಸರ್ವರ್ ನಮ್ಮ ಸುಪರ್ದಿಯಲ್ಲಿದೆ. ಯಾವ ರೋಗಿಗೆ ಯಾವ ಯಂತ್ರ, ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲೇ. ಸರ್ವರ್ ಇರುವುದು ಬೇರೆ ಊರಿನಲ್ಲಿ. ನಾವು ಇಲ್ಲಿಂದಲೇ ಲಾಗಿನ್ ಆಗುತ್ತೇವೆ. ಯಾರೋ ಪುಣ್ಯಾತ್ಮರು ಪಾಸ್‌ವರ್ಡ್ ಊಹಿಸಿ ಅದರೊಳಗೆ ನುಗ್ಗಲು ನೋಡುತ್ತಿದ್ದರು.

"ಪಾಸ್‌ವರ್ಡ್ ಲಾಗಿನ್ನೇ ಬಂದ್ ಮಾಡಿ. ಕೀ ಫೈಲ್ ಇದ್ದೋರು ಮಾತ್ರ ಒಳಗೆ ಹೋಗ್ಬೇಕು," ಎಂದು ಅತ್ತಿಗೆಗೆ ಹೇಳಿ ಮ್ಯಾನೇಜರು ಊಟಕ್ಕೆ ಹೋದರು.

ಅತ್ತಿಗೆ ತಮ್ಮ ಕಂಪ್ಯೂಟರನ್ನು ಸರ್ವರ್ ಗುರುತಿಸುವಂತೆ ತಮ್ಮ ಕೀಯನ್ನು ಅದಕ್ಕೆ ಸೇರಿಸಿದರು. ಪಾಸ್‌ವರ್ಡ್ ಬಂದ್ ಮಾಡುವ ಸಾಲು ಬರೆದು, ಅದನ್ನೇ ಮತ್ತೆ ಮತ್ತೆ ಓದಿ, ಕೊನೆಗೆ ಜಾರಿ ಮಾಡಿದರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು.

"ಆಯ್ತಲ್ಲ ಅತ್ತಿಗೆ, ವಿಂಡೋ ಮುಚ್ಚಿ, ಊಟಕ್ಕೆ ಏಳಿ," ಎಂದು ನಾನೇ ಮೌಸಿಗೆ ಕೈ ಹಾಕಿದೆ.

ಪಟ್ಟೆಂದು ಕೈಗೆ ಏಟು ಬಿತ್ತು.

"ಮುಟ್ಟಬೇಡ! ಇದು ಹಾಗೇ ಇರ್ಲಿ. ಇನ್ನೊಂದು ವಿಂಡೋದಿಂದ ಒಳಗೆ ಹೋಗಕ್ಕಾಗುತ್ತಾ ನೋಡ್ತೀನಿ."

ಮನೆಗೆ ಹೊಸ ಬೀಗ ತಂದಾಗಲೂ ಅತ್ತಿಗೆ ಹೀಗೆಯೇ. ಬಾಗಿಲು ತೆರೆದಿಟ್ಟುಕೊಂಡೇ ಬೀಗ ಹಾಕಿ, ತೆಗೆದು ನೋಡುತ್ತಾರೆ. ಅಣ್ಣ ಹೊರಗೆ ನಿಂತು ಗೊಣಗುತ್ತಿರುತ್ತಾನೆ.

ಹೊಸ ವಿಂಡೋ ತೆರೆದರು. ಅನುಮತಿ ಇಲ್ಲ ಎಂದಿತು ಸರ್ವರ್. ಮತ್ತೊಮ್ಮೆ ನೋಡಿದರು. ಊಹೂಂ.

ನಾನು ಕುರ್ಚಿಯನ್ನು ಮೌಸಿನಿಂದ ದೂರ ಸರಿಸಿಕೊಂಡೆ. ಮೊದಲೇ ಲಾಗಿನ್ ಆಗಿದ್ದ ಆ ಹಳೇ ವಿಂಡೋ ಒಂದನ್ನು ಬಿಟ್ಟರೆ ಒಳಗೆ ಹೋಗಲು ದಾರಿಯೇ ಇರಲಿಲ್ಲ. ನಾನು ಅದನ್ನು ಮುಚ್ಚಿದ್ದರೆ ಯಾರಾದರೂ ಬಸ್ಸು ಹತ್ತಿ ಸರ್ವರ್ ಇರುವ ಊರಿಗೆ ಓಡಬೇಕಿತ್ತು, ಅತ್ತಿಗೆ ಗಂಟುಮೂಟೆ ಕಟ್ಟಬೇಕಿತ್ತು.

"ಉಸಿರು ಬಿಡೇ ತಾಯಿ," ಎಂದು ಅತ್ತಿಗೆ ನಕ್ಕು ಹಳೇ ವಿಂಡೋದಲ್ಲಿ ಹುಡುಕಿದರು. ಸರ್ವರಿನಲ್ಲಿ ಕೀ ಇಟ್ಟ ಫೈಲನ್ನು ಬೇರೆಯವರೂ ತಿದ್ದಬಹುದು ಎನ್ನುವಂತೆ ತಾವೇ ಬಿಟ್ಟಿದ್ದರು. ಅಂಥ ಫೈಲನ್ನು ಸರ್ವರ್ ನಂಬುವುದಿಲ್ಲ. ತಿದ್ದುವ ಹಕ್ಕನ್ನು ತಮಗಷ್ಟೇ ಉಳಿಸಿಕೊಂಡು ಮತ್ತೆ ಲಾಗಿನ್ ಮಾಡಿದರು. ಸರ್ವರ್ ಒಳಗೆ ಬಿಟ್ಟುಕೊಂಡಿತು. ಆಮೇಲಷ್ಟೇ ಹಳೇ ವಿಂಡೋ ಮುಚ್ಚಿದರು. ನನಗೆ ಕುಣಿಯುವಷ್ಟು ಖುಷಿ, ಅದರ ಜೊತೆ ನಾಚಿಕೆ.

ನಾವು ಡಬ್ಬಿ ಬಿಚ್ಚಿ ಕೂತಿದ್ದಾಗ, ಊಟ ಮುಗಿಸಿ ಬಂದಿದ್ದ ಮ್ಯಾನೇಜರು ತಮ್ಮ ಕೋಣೆಯಿಂದ ಕೂಗಿದರು. "ಏನ್ರೀ ಇದು! ನನ್ನ ಪಾಸ್‌ವರ್ಡೇ ತಗೋತಿಲ್ಲ!"

ಅತ್ತಿಗೆ ಎದ್ದು ಹೋಗಿ ಅವರ ಬಾಗಿಲಲ್ಲಿ ನಿಂತರು.

"ಯಾರದ್ದೂ ತಗೊಳಲ್ಲ ಸರ್. ನೀವೇ ಬಂದ್ ಮಾಡಿ ಅಂದ್ರಲ್ಲ."

ಮ್ಯಾನೇಜರು ಕೆಮ್ಮಿದರು. "ಸರಿ ಸರಿ. ಸೋಮವಾರ ಬಂದ ಕೂಡ್ಲೇ ನನಗೂ ಒಂದು ಕೀ ಮಾಡಿಕೊಡಿ."

"ಸೋಮವಾರ... ನಾನಾ ಸರ್?"

"ನೀವಲ್ದೆ ಇನ್ಯಾರು?"

ಅತ್ತಿಗೆ ವಾಪಸ್ ಬಂದು ಕೂತರು. ಕಣ್ಣು ತುಂಬಿತ್ತು. ನನ್ನ ಕೈ ಎಳೆದುಕೊಂಡು ಸವರಿದರು.

"ಏಟು ಜೋರಾಗಿ ಬಿತ್ತೇನೇ?"

"ಸೋಮವಾರ ಇನ್ನೊಂದು ಕೊಡಿ," ಎಂದೆ.