ಕಟ್ಟದೆ ಬಿಟ್ಟ ಆರು ಗಂಟು

ಅಣ್ಣಿಗೇರಿಯ ರಿವೈಂಡಿಂಗ್ ಅಂಗಡಿಯ ಮೂಲೆಯಲ್ಲಿ ರೈತ ಹೊಳೆಯಪ್ಪನ ಪಂಪಿನ ಮೋಟರ್ ಗೋಣಿತಟ್ಟು ಹೊದ್ದು ಕೂತು ವರ್ಷವಾಗಿತ್ತು. ಊರಿಗೆ ತ್ರೀ ಫೇಸ್ ಕರೆಂಟು ಬಂದಾಗಲೆಲ್ಲ, ಯಾವ ತಂತಿಯೂ ತಾಕದ ಆ ಮೋಟರ್ ಸಣ್ಣಗೆ ಗುಂಯ್‌ಗುಡುತ್ತಿದೆ ಎಂದು ಅಂಗಡಿಯ ರೂಬಿನಾಳಿಗೆ ಅನಿಸುತ್ತಿತ್ತು. ಕಿವಿ ಮುಚ್ಚಿಕೊಂಡರೂ ಅದು ಬಿಡುತ್ತಿರಲಿಲ್ಲ.

ಅದನ್ನು ಚಾಲೂ ಮಾಡಿ ನೋಡುವಾಗಲೇ ಗಂಡ ಯುನೂಸ್ ಶಾಕ್ ಹೊಡೆದು ಸತ್ತದ್ದು.

ತಾಮ್ರದ ಕಾಯಿಲ್ ಸುತ್ತುವುದು ಅವನ ಕೆಲಸ, ಸುತ್ತಿದ್ದನ್ನು ದಾರದಿಂದ ಬಿಗಿದು ಗಂಟು ಹಾಕುವುದು ಅವಳದು. ಇಷ್ಟೊಂದು ಗಂಟು ಯಾಕೆಂದು ಮದುವೆಯ ಹೊಸದರಲ್ಲಿ ಕೇಳಿದ್ದಳು.

"ಬಾಜೂಬಾಜೂ ಇರೋ ತಂತ್ಯಾಗ ಕರೆಂಟು ಒಂದ ಕಡಿ ಹರದ್ರ ಒಂದನ್ನೊಂದು ಎಳಕೊಂತಾವು, ಎದುರಾಬದುರಾ ಹರದ್ರ ದೂಕ್ಕೊಂತಾವು. ಥೇಟ್ ನಮ್ಮಂಗ," ಎಂದು ನಕ್ಕಿದ್ದ. "ಕಟ್ಟದಿದ್ರ ನಡಗಿ ನಡಗಿ ಮೈ ಸವಿಸ್ಕೊಂತಾವು."

ಈ ಮೋಟರ್ ಸುತ್ತಿದ ದಿನ, ಮೊರಬದ ತವರಿಗೆ ಕಳಿಸಲಿಲ್ಲವೆಂಬ ಸಿಟ್ಟಿಗೆ ಅವಳು ಕಡೆಯ ಆರು ಗಂಟು ಹಾಕದೆ ಎದ್ದುಹೋಗಿದ್ದಳು. ಮರುದಿನ ಅವನು ತೀರಿಹೋದ. ತಂತಿ ಅಲುಗಿ, ಸವೆದು, ಮೋಟರಿನ ಮೈಗೆ ಕರೆಂಟು ಹರಿದಿರಬೇಕು. ಕೊಂದವಳು ತಾನೇ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅಂಗಡಿ ಮಾತ್ರ ನಡೆಸಿಕೊಂಡು ಬಂದಿದ್ದಳು.

ಇವತ್ತು ಮಧ್ಯಾಹ್ನ ಹೊಳೆಯಪ್ಪ ಬಂದು ಕಟ್ಟೆಯ ಮೇಲೆ ಕೂತೇಬಿಟ್ಟ. ವರ್ಷ ಸುಮ್ಮನಿದ್ದೆ, ಇನ್ನಾಗುವುದಿಲ್ಲ, ಬಿಚ್ಚಿ ನೋಡು ಎಂದ.

ಪಾನಾ ಹಿಡಿದು ಬೋಲ್ಟು ಬಿಚ್ಚಿದಳು. ಬದಿಯ ಮುಚ್ಚಳ ತೆಗೆದು ರೂಬಿನಾ ಗಂಟುಗಳ ಮೇಲೆ ಬೆರಳಾಡಿಸಿದಳು. ತಾನು ಹಾಕಿದವು ಮುಗಿಯುವಲ್ಲಿ ಬೆರಳು ನಿಂತಿತು. ಅಲ್ಲಿ ತಂತಿ ಗಂಟಿಲ್ಲದೆ ಬರಿದಾಗಿರಲಿಲ್ಲ. ಆರು ಗಂಟು, ಆರೂ ಎಡಕ್ಕೆ ತಿರುಗಿದ್ದವು. ಯುನೂಸ್ ಎಡಗೈಯವನು. ಅವಳು ಬಿಟ್ಟದ್ದನ್ನು ನೋಡಿದ್ದ, ಕಟ್ಟಿದ್ದ, ಒಂದು ಮಾತೂ ಆಡಿರಲಿಲ್ಲ.

ಕಾಯಿಲ್ ಎಲ್ಲೂ ಸವೆದಿರಲಿಲ್ಲ. ಹೊರಗೆ ಬರುವ ವಾಯರೊಂದು ಮುಚ್ಚಳದ ಅಂಚಿಗೆ ಸಿಕ್ಕು ಸುಲಿದು ತಾಮ್ರ ಕಾಣುತ್ತಿತ್ತು; ಮೋಟರಿನ ಮೈಗೆ ಕರೆಂಟು ಹರಿದದ್ದು ಅಲ್ಲಿಂದ. ಮುಚ್ಚಳ ಹಾಕಿದವನು ಅವನೇ. ಇಂಥ ತಪ್ಪು ಎಂದೂ ಮಾಡಿದವನಲ್ಲ. ಅವಸರವಾಗಿರಬೇಕು. ಅವಳ ಪಾಲಿನ ಗಂಟು ಹಾಕುವುದರಲ್ಲಿ ಹೊತ್ತು ಹೋಗಿರಬೇಕು.

ಎದೆಯಿಂದ ಒಂದು ಭಾರ ಇಳಿಯಿತು, ಆ ಜಾಗದಲ್ಲೇ ಇನ್ನೊಂದು ಬಂದು ಕೂತಿತು.

"ಏನಾಗಿತ್ತವಾ?" ಹೊಳೆಯಪ್ಪ ಕೇಳಿದ.

"ವಾಯರ್ ಒಂದು ಸುಲದಿತ್ರಿ ಕಾಕಾ. ಬ್ಯಾರೇದು ಹಾಕಿ ಕೊಡ್ತೀನಿ."

"ಕಾಯಿಲ್ ಬಿಚ್ಚೂದಿಲ್ಲೇನು?"

"ಬ್ಯಾಡ್ರಿ," ಎಂದಳು. "ಅದನ್ನ ನಾವಿಬ್ಬರೂ ಕೂಡೇ ಕಟ್ಟೀವಿ."