ಬಾಯಿಯೊಳಗಿನ ಕಣ್ಣು

“ತಿರುವಬ್ಯಾಡ, ಕುತ್ತಿಗಿ ಉಳುಕತೈತಿ,” ಎಂದಿತು ಹಳದಿ ತಲೆ.

ಸುಮನ ಆ ಗೊಂಬೆತಲೆಯ ಎರಡೂ ಕೆನ್ನೆ ಹಿಡಿದು ಮೇಲಕ್ಕೆ ಎಳೆಯುತ್ತಿದ್ದಳು. ಹಳಿಯಾಳದ ಕುಸ್ತಿ ಮೈದಾನದ ಹಿಂದೆ, ಶಾಮಿಯಾನದ ಸಂದಿಯಲ್ಲಿ ಅವರಿಬ್ಬರೇ ಇದ್ದರು. ತಲೆ ಜಗ್ಗಲಿಲ್ಲ. ಒಳಗಿದ್ದ ಅಣ್ಣ ಸಂಜೀವಕುಮಾರ ಗದ್ದದ ಕೆಳಗಿನ ಬೆಲ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ.

“ಮೈಕಿನ್ಯಾಗ ನಿನ್ನ ಹೆಸರು ಕರದಾರೋ ಯಣ್ಣಾ.”

“ನಗು ಪೈಲ್ವಾನ ಅಂತ ಕರದ್ರೇನು?”

“ಇಲ್ಲ. ನಿನ್ನ ಹೆಸರು.”

“ಹಂಗಾರ ನನಗಲ್ಲ ಬಿಡು.”

ಕುಸ್ತಿ ಉತ್ಸವಕ್ಕೆಂದು ಮಾಡಿದ ಗೊಂಬೆ ನಗು ಪೈಲ್ವಾನ ಈಗ ಊರಿನ ಗುರುತು. ನೀರಿನ ಟ್ಯಾಂಕಿನ ಮೇಲೆ, ಆಟೋಗಳ ಬೆನ್ನಿಗೆ, ಕಸದ ಡಬ್ಬಿಗಳಿಗೆಲ್ಲ ಅದೇ ದುಂಡು ಹಳದಿ ಮುಖ, ಅದೇ ಬಾಗಿದ ಬಾಯಿ. ತಲೆಯ ಕಣ್ಣುಗಳು ಬರೀ ಬಣ್ಣದವು. ತೊಟ್ಟವನು ನೋಡಬೇಕಾದದ್ದು ಬಾಯಿಗೆ ಹಾಕಿದ ಕರಿ ಜಾಲರಿಯೊಳಗಿಂದ. ಎದುರಿಗೆ ನಿಂತವರನ್ನು ನೋಡಲು ಗದ್ದ ಎತ್ತಬೇಕು. ಆಗ ಬಾಯಿಯೊಳಗೆ ಎರಡು ಕಣ್ಣು ಮಿಟುಕುತ್ತಿದ್ದವು.

ಹೋದ ವರ್ಷ ಇದೇ ಮೈದಾನದಲ್ಲಿ ಪಾಳಾ ಊರಿನ ಮಾಲತೇಶ ಸಂಜೀವಕುಮಾರನನ್ನು ಹಲಗಿಯ ಸದ್ದು ಕಾವೇರುವ ಮೊದಲೇ ಚಿತ್ ಮಾಡಿದ್ದ. ಜನ ನಕ್ಕಿದ್ದರು. ಆಮೇಲೆ ಉತ್ಸವ ಸಮಿತಿಯವರು ಆ ತಲೆ ಹೊರಲು ಗಟ್ಟಿ ಕುತ್ತಿಗೆಯವರನ್ನು ಹುಡುಕುತ್ತಿದ್ದಾಗ ಸಂಜೀವಕುಮಾರ ತಾನಾಗಿಯೇ ಹೋದ. ಮೊದಲು ಕಾರ್ಯಕ್ರಮಕ್ಕಷ್ಟೇ ತೊಡುತ್ತಿದ್ದ. ಕ್ರಮೇಣ ತೊಟ್ಟುಕೊಂಡೇ ಮನೆಗೆ ಬರತೊಡಗಿದ. ರೊಟ್ಟಿ ಸುತ್ತಿ ಗದ್ದದ ಕೆಳಗಿನಿಂದ ತೂರಿಸಿಕೊಂಡು ತಿನ್ನುತ್ತಿದ್ದ. ಅವ್ವ ಕಾಶೆವ್ವ ಅವನ ಕಡೆ ಬೆನ್ನು ಮಾಡಿ ಬಡಿಸುತ್ತಿದ್ದಳು. ಸ್ನಾನಕ್ಕೆಂದು ತಲೆ ತೆಗೆದಾಗ ಒಮ್ಮೆ ಸುಮನ ನೋಡಿದ್ದಳು: ಅಣ್ಣನ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿರಲಿಲ್ಲ. ತೊಳೆದು ಮಗುಚಿಟ್ಟ ತಾಟಿನ ಹಾಗಿತ್ತು. ಅದನ್ನು ನೋಡಿದ ಮೇಲೆಯೇ ಅವಳು ಗರಡಿಯ ಗುರು ವಸ್ತಾದರ ಕಾಲು ಹಿಡಿದು ಈ ವರ್ಷದ ಕುಸ್ತಿಗೆ ಅವನ ಹೆಸರು ಬರೆಸಿದ್ದು.

ವಸ್ತಾದ ಸೋಮಲಪ್ಪ ಶಾಮಿಯಾನ ಸರಿಸಿ ಇಣುಕಿದರು.

“ಏನವಾ, ಬರ್ತಾನೋ ಇಲ್ಲೋ? ಈ ಸರ್ತಿ ಇಳೀಲಿಲ್ಲಂದ್ರ ಗರಡಿಯೊಳಗ ಅವನ ಜಾಗಾ ಮತ್ತೊಬ್ಬಗ ಕೊಡ್ತೇನಿ. ನಾನರೆ ಎಷ್ಟಂತ ಕಾಯ್ಲಿ?”

“ಬರ್ತಾನ್ರಿ ವಸ್ತಾದರ,” ಎಂದು ಸುಮನ ಅಣ್ಣನ ಮಣಿಕಟ್ಟು ಹಿಡಿದು ಎಳೆದಳು. ಅವನು ಬಂದ. ಸುಲಭವಾಗಿ ಬಂದ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಕಣಕ್ಕೆ ಕಾಲಿಟ್ಟಾಗ ಸಿಳ್ಳೆ ಎದ್ದವು. “ಏ ನಗು ಪೈಲ್ವಾನ! ಚಿತ್ ಆದ್ರೂ ನಗತೀಯೇನಪಾ?” ಗೇಟಿನಲ್ಲಿ ಹಂಚಿದ ಕಾಗದದ ಮುಖಗಳನ್ನು ಜನ ಹಾಕಿಕೊಂಡಿದ್ದರು. ಅವಕ್ಕೂ ತೂತು ಬಾಯಲ್ಲೇ. ಸುತ್ತಲಿನ ಮೆಟ್ಟಿಲುಗಳ ತುಂಬ ನೂರಾರು ಹಳದಿ ಗದ್ದಗಳು ಒಟ್ಟಿಗೆ ಮೇಲೆದ್ದವು. ಸುಮನ ನೆಲ ನೋಡಿದಳು. ಅರಿಶಿನ, ಮಜ್ಜಿಗೆ ಬೆರೆಸಿದ ಕೆಂಪು ಮಣ್ಣು ಹುಳಿ ವಾಸನೆ ಸೂಸುತ್ತಿತ್ತು.

ಮಾಲತೇಶ ನಗಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಚಾಚಿದ. ಎದುರಾಳಿ ಕೊಟ್ಟ ಮಣ್ಣನ್ನು ಎದೆಗೆ ಸವರಿಕೊಂಡರೆ ಕುಸ್ತಿಗೆ ಒಪ್ಪಿದಂತೆ. ಸೋಲುವುದು ಖಾತ್ರಿಯಿದ್ದವರೂ, ಜ್ವರದಲ್ಲಿ ನಡುಗುವವರೂ ಅದಕ್ಕೆ ಕೈ ಒಡ್ಡುತ್ತಿದ್ದರು. ಬ್ಯಾಡ ಎಂದವರನ್ನು ಸುಮನ ಕಂಡಿರಲಿಲ್ಲ. ಆ ಮಣ್ಣಿಗಾಗಿಯೇ ಅಣ್ಣನನ್ನು ಇಲ್ಲಿತನಕ ಎಳೆದು ತಂದಿದ್ದಳು. ಅದು ಕೈಗೆ ಬಿದ್ದರೆ ಉಳಿದದ್ದು ತಾನಾಗಿಯೇ ಕಳಚುತ್ತದೆ ಎಂದು ನಂಬಿದ್ದಳು.

“ತಗೋ ಅಣ್ಣಾ,” ಎಂದ ಮಾಲತೇಶ ಮೆಲ್ಲಗೆ. “ಹ್ವಾದ ವರ್ಷದ್ದು ಮರ್ತುಬಿಡು.”

ಹಲಗಿಯ ಸದ್ದು ನಿಂತಿತು. ಸಂಜೀವಕುಮಾರನ ಬಲಗೈ ತುಸು ಮೇಲೆದ್ದಿತು; ಬೆರಳುಗಳು ಬಿಚ್ಚಿಕೊಂಡವು. ಕೈ ಮಣ್ಣನ್ನು ದಾಟಿ ಮೇಲೆ ಹೋಗಿ, ಗದ್ದದ ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡಿತು.

“ಒಲ್ಲೆ,” ಎಂದ.